ಕರಗುವ ಹಿಮದ ದಾರಿ: ಚಿಕ್ಕಮಗಳೂರು, ಹಾಸನದ ಚಾರಣಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿದು ಕಣದ ಕೆಲಸವೂ ತೀರಿ, ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರಿನ ಕಡೆಯ ಗೆಳೆಯರು ಹಿಮಾಲಯದ ಮಾತು ತೆಗೆಯುತ್ತಾರೆ. ಅವರಿಗೆ ಬೇಕಾಗಿರುವುದು ದೊಡ್ಡ ಶಿಖರಗಳಲ್ಲ. ತುಂಗನಾಥ, ಕೇದಾರಕಂಠ, ನಾಗ್ ಟಿಬ್ಬಾ, ತ್ರಿಯುಂಡ್‌ಗಳಂಥ, ಒಂದು ದಿನದಿಂದ ನಾಲ್ಕೈದು ದಿನಗಳಲ್ಲಿ ಹತ್ತಿ ಇಳಿಯಬಹುದಾದ ಚಿಕ್ಕ ಬೆಟ್ಟಗಳು. ಮಾರ್ಚ್‌ನಿಂದ ಮೇ ವರೆಗೆ ಅಲ್ಲಿ ಹಿಮ ಕರಗುವ ಕಾಲ. ಮಲೆನಾಡಿನವರಿಗೆ ಜಾರು ನೆಲ ಗೊತ್ತು, ದಟ್ಟ ಮಂಜು ಗೊತ್ತು, ಉಕ್ಕುವ ಹಳ್ಳವೂ ಗೊತ್ತು. ಹಾಗಾಗಿಯೇ ಕರಗುವ ಹಿಮವನ್ನು ಹಗುರವಾಗಿ ತೆಗೆದುಕೊಳ್ಳುವವರು ನಮ್ಮಲ್ಲಿ ಹೆಚ್ಚು. ನಮ್ಮ ಗುಡ್ಡಗಳಿಗೆ ಹೊರಡುವಾಗ ಯಾವ ತಿಂಗಳು ಎಂದು ವಿಚಾರಿಸಿದರೆ ಸಾಕು. ಅಲ್ಲಿ ಅದರ ಜೊತೆಗೆ ಎಷ್ಟು ಗಂಟೆ ಎಂದೂ ವಿಚಾರಿಸಬೇಕು. ಕೆಳಗಿನ ಬಹುಪಾಲು ಉತ್ತರಗಳು ಈ ಒಂದು ಮಾತಿಗೇ ಬಂದು ನಿಲ್ಲುತ್ತವೆ.

ಏಪ್ರಿಲ್‌ನಲ್ಲಿ ಹಿಮ ಇರುತ್ತದೆಯೇ? ಇಲ್ಲಿ ಬಿಸಿಲಿಗೆ ತಲೆ ಸುಡುತ್ತಿರುತ್ತದೆ.

ಎತ್ತರ ನೋಡಿ ಹೇಳಬೇಕು. ಹಿಮಾಲಯದ ಈ ಭಾಗಕ್ಕೆ ಹಿಮ ತರುವುದು ನಮಗೆ ಮಳೆ ತರುವ ಮುಂಗಾರಲ್ಲ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಒಂದರ ಹಿಂದೊಂದರಂತೆ ಬರುವ ಪಶ್ಚಿಮದ ಮಾರುತಗಳು ಅದನ್ನು ತರುತ್ತವೆ. ಡಿಸೆಂಬರ್‌ನಿಂದ ಮಾರ್ಚ್ ವರೆಗೆ ಅವುಗಳ ಭರಾಟೆ. ಏಪ್ರಿಲ್‌ನಲ್ಲೂ ಒಂದೆರಡು ಬಂದು ಹೊಸ ಹಿಮ ಸುರಿಸಿ ಹೋಗುವುದುಂಟು.

ಒಂದು ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಆದ್ದರಿಂದ ಒಂದೇ ವಾರದಲ್ಲಿ ಸುಮಾರು 2,850 ಮೀಟರ್ ಎತ್ತರದ ತ್ರಿಯುಂಡ್ ಬಹುತೇಕ ಒಣಗಿರಬಹುದು, 3,800 ಮೀಟರ್‌ನ ಕೇದಾರಕಂಠದ ನೆತ್ತಿ ಬೆಳ್ಳಗೇ ಇರಬಹುದು. ಸೂರ್ಯ ದಕ್ಷಿಣಕ್ಕೆ ವಾಲಿ ಚಲಿಸುವುದರಿಂದ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಗ ಕರಗುತ್ತದೆ. ಉತ್ತರಕ್ಕೆ ಮುಖ ಮಾಡಿದ್ದು, ಮರಗಳ ನೆರಳಲ್ಲಿರುವುದು, ಕೊರಕಲಿನೊಳಗಿನದು ವಾರಗಟ್ಟಲೆ ತಡವಾಗಿ ಕರಗುತ್ತದೆ. ಒಂದೇ ದಾರಿಯಲ್ಲಿ ಅರ್ಧ ಗಂಟೆ ಒಣ ಹುಲ್ಲು, ಆಮೇಲೆ ಕೆಸರು, ತಿರುವು ದಾಟಿದ ಕೂಡಲೇ ಮೊಣಕಾಲುದ್ದದ ಹಿಮ. ವಸಂತದ ದಾರಿ ಹೀಗೆ ತೇಪೆ ತೇಪೆಯಾಗಿಯೇ ಇರುತ್ತದೆ.

ಮೊದಲ ಸಲಕ್ಕೆ ಯಾವ ಬೆಟ್ಟ ಒಳ್ಳೆಯದು?

ನನ್ನ ಮತ ತುಂಗನಾಥಕ್ಕೆ. ಉತ್ತರಾಖಂಡದ ಚೋಪ್ತಾದಿಂದ ದೇವಸ್ಥಾನದ ವರೆಗೆ ಕಲ್ಲು ಹಾಸಿದ ದಾರಿಯಿದೆ, ನಾಲ್ಕು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆದರೆ ಅಷ್ಟರಲ್ಲೇ ಸುಮಾರು ಸಾವಿರ ಮೀಟರ್ ಏರುತ್ತೀರಿ. ದೇವಸ್ಥಾನ ಸುಮಾರು 3,680 ಮೀಟರ್‌ನಲ್ಲಿದೆ. ಅದರ ಮೇಲೆ ಇನ್ನೊಂದು ಗಂಟೆಯ ಏರಿನಲ್ಲಿ ಚಂದ್ರಶಿಲಾ, ಹತ್ತಿರ ಹತ್ತಿರ 4,000 ಮೀಟರ್. ಹಿಮ ಹೆಚ್ಚೆನಿಸಿದರೆ ಎಲ್ಲಿಂದ ಬೇಕಾದರೂ ಹಿಂತಿರುಗಬಹುದು, ಸಂಜೆಗೆ ಚೋಪ್ತಾದಲ್ಲಿರುತ್ತೀರಿ.

ದೇವರ ದರ್ಶನಕ್ಕೆಂದೇ ಹೋಗುವವರು ಒಂದನ್ನು ನೆನಪಿಡಬೇಕು. ಚಳಿಗಾಲದಲ್ಲಿ ತುಂಗನಾಥದ ಬಾಗಿಲು ಮುಚ್ಚಿರುತ್ತದೆ, ಉತ್ಸವ ಮೂರ್ತಿ ಕೆಳಗಿನ ಮಕ್ಕೂಮಠಕ್ಕೆ ಬಂದಿರುತ್ತದೆ. ಬಾಗಿಲು ಮತ್ತೆ ತೆರೆಯುವುದು ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ. ಹಿಮವೂ ಬೇಕು, ದರ್ಶನವೂ ಬೇಕು ಎಂದರೆ ಎರಡೂ ಒಟ್ಟಿಗೆ ಸಿಗುವ ದಿನಗಳು ಬಹಳ ಕಡಿಮೆ.

ನಾಗ್ ಟಿಬ್ಬಾ 3,022 ಮೀಟರ್ ಮಾತ್ರ. ಮಾರ್ಚ್ ಕಳೆದರೆ ಅಲ್ಲಿ ಹಿಮ ಸಿಗುವ ಭರವಸೆ ಬೇಡ. ಕೇದಾರಕಂಠ ಸುಂದರವೇ, ಆದರೆ ಗುಂಪು ವಿಪರೀತ.

ಮುಳ್ಳಯ್ಯನಗಿರಿಯನ್ನು ಎಷ್ಟೋ ಸಲ ಹತ್ತಿದ್ದೇವೆ. ಅಷ್ಟು ಅನುಭವ ಸಾಲದೇ?

ಕಾಲಿಗೆ ಸಾಕು, ಎದೆಗೆ ಸಾಲದು. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ಕೇದಾರಕಂಠಕ್ಕೆ ಹೊರಡುವ ಸಾಂಕ್ರಿ ಹಳ್ಳಿ ಹೆಚ್ಚುಕಡಿಮೆ ಅದೇ ಎತ್ತರದಲ್ಲಿದೆ. ನಮ್ಮ ರಾಜ್ಯದ ನೆತ್ತಿ ಮುಗಿಯುವಲ್ಲಿ ಅವರ ಬಸ್ ನಿಲ್ದಾಣ.

ಆದರೂ ಸರ್ಪದಾರಿಯೆಂಬ ಕಾಲುದಾರಿಯಿಂದ ಮುಳ್ಳಯ್ಯನಗಿರಿ ಹತ್ತಿದವರಿಗೆ ಒಂದು ಅನುಕೂಲವಿದೆ. ಏಣಿನ ಮೇಲೆ ಗಾಳಿ ಹೇಗೆ ಹೊಡೆಯುತ್ತದೆ, ಎದುರಿನ ಗುಡ್ಡ ಹತ್ತು ನಿಮಿಷದಲ್ಲಿ ಮಂಜಿನೊಳಗೆ ಹೇಗೆ ಮಾಯವಾಗುತ್ತದೆ ಎಂಬುದು ಅವರಿಗೆ ಮೈಮೇಲಿನ ಅನುಭವ. ಬಯಲುಸೀಮೆಯ ಪಟ್ಟಣಗಳಿಂದ ನೇರವಾಗಿ ಹೋದವರಿಗೆ ಅದು ಅಲ್ಲೇ ಮೊದಲ ಪಾಠವಾಗುತ್ತದೆ.

ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎಬ್ಬಿಸುತ್ತಾರಂತೆ. ಸೂರ್ಯೋದಯ ನೋಡಲಿಕ್ಕೇ?

ಸೂರ್ಯೋದಯವೂ ಸಿಗುತ್ತದೆ. ಮುಖ್ಯ ಕಾರಣ ಹಿಮದ ಗಟ್ಟಿತನ.

ಹಗಲಿನ ಬಿಸಿಲಿಗೆ ಹಿಮದ ಮೇಲ್ಪದರ ಕರಗಿ, ಆ ನೀರು ಕೆಳಗಿನ ಹರಳುಗಳ ನಡುವೆ ಇಳಿಯುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮದ ಶಾಖ ಮೇಲಕ್ಕೆ ಹರಿದುಹೋಗಿ ಆ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಗಿನ ಜಾವಕ್ಕೆ ಮೇಲೆ ಗಟ್ಟಿಯಾದ ಪದರ ಸಿದ್ಧ, ಮನುಷ್ಯನ ಭಾರವನ್ನು ಅದು ಹೊರುತ್ತದೆ. ಅದರ ಮೇಲೆ ಸ್ಪೈಕ್ (ಬೂಟಿನ ಅಡಿಗೆ ಕಟ್ಟುವ ಲೋಹದ ಹಲ್ಲುಗಳು) ಹಾಕಿಕೊಂಡು ನಡೆದರೆ ಗಂಟೆಯಲ್ಲಿ ದಾಟುವ ಜಾಗವನ್ನು, ಮಧ್ಯಾಹ್ನ ಅದೇ ಕಾಲುಗಳಲ್ಲಿ ದಾಟಲು ಮೂರು ಗಂಟೆಯೂ ಸಾಲದೆ ಹೋಗಬಹುದು. ಬಿಸಿಲೇರಿದ ಮೇಲೆ ಆ ಪದರ ಕಳಚಿ ಇಡೀ ಇಳಿಜಾರು ನಾಟಿಗೆ ಹದ ಮಾಡಿದ ಗದ್ದೆಯಂತಾಗುತ್ತದೆ, ಹೆಜ್ಜೆ ಹೆಜ್ಜೆಗೂ ಕಾಲು ಕಿತ್ತು ತೆಗೆಯಬೇಕು.

ನಡುವೆ ಒಂದು ಒಳ್ಳೆಯ ಹೊತ್ತಿದೆ. ಬಿಸಿಲು ಬಿದ್ದು ಒಂದೆರಡು ಗಂಟೆಯಾದಾಗ ಮೇಲಿನ ಒಂದು ಅಂಗುಲ ಮಾತ್ರ ಮೆತ್ತಗಾಗಿ, ಕೆಳಗೆ ಗಟ್ಟಿಯೇ ಇರುತ್ತದೆ. ಬೂಟು ಚೆನ್ನಾಗಿ ಕಚ್ಚುತ್ತದೆ. ಇಳಿಯಲು ಅದು ಅತ್ಯುತ್ತಮ ಸಮಯ. ಆ ಹೊತ್ತಿಗೆ ಇಳಿಯತೊಡಗಬೇಕಾದರೆ ಕತ್ತಲಲ್ಲೇ ಹತ್ತಿರಬೇಕು, ಲೆಕ್ಕ ಇಷ್ಟೇ. ಪೂರ್ವದ ಇಳಿಜಾರು ಎಲ್ಲಕ್ಕಿಂತ ಮೊದಲು ಮೆತ್ತಗಾಗುತ್ತದೆ, ಪಶ್ಚಿಮದ್ದು ಮಧ್ಯಾಹ್ನದ ನಂತರ. ಉತ್ತರದ ನೆರಳಿನಲ್ಲಿ ದಿನವಿಡೀ ಗಾಜಿನಷ್ಟು ನುಣುಪಾದ ಮಂಜುಗಡ್ಡೆಯೇ ಉಳಿದಿರಬಹುದು. ಹೊರಡುವ ಹಿಂದಿನ ಸಂಜೆ ಮಾರ್ಗದರ್ಶಿಯನ್ನು ಕೇಳಬೇಕಾದ ಪ್ರಶ್ನೆ ಇದು: ನಾಳೆ ನಾವು ಇಳಿಯುವ ಬದಿ ಯಾವ ದಿಕ್ಕಿಗೆ ಮುಖ ಮಾಡಿದೆ?

ಬೆಳಗ್ಗೆ ನಾಲ್ಕಕ್ಕೇ ಹಿಮ ಮೆತ್ತಗಿದ್ದರೆ?

ಅದು ಒಳ್ಳೆಯ ಲಕ್ಷಣವಲ್ಲ. ರಾತ್ರಿ ಮೋಡ ಕವಿದಿದ್ದರೆ ಶಾಖ ಹೊರಹೋಗುವುದಿಲ್ಲ, ಹಿಮ ಮರಳಿ ಹೆಪ್ಪುಗಟ್ಟುವುದಿಲ್ಲ. ಚಳಿ ಕಡಿಮೆಯಿದೆ ಎಂದು ಎಲ್ಲರಿಗೂ ಖುಷಿ, ಆದರೆ ಇಳಿಜಾರಿನ ಹಿಡಿತವೂ ಅಷ್ಟೇ ಕಡಿಮೆಯಿರುತ್ತದೆ. ಡೇರೆಯಿಂದ ಹೊರಬಂದು ಊರುಗೋಲಿನಿಂದ ಹಿಮವನ್ನು ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಕಡಿದಾದ ಇಳಿಜಾರಿನ ದಾರಿಯನ್ನು ಆ ದಿನ ಬಿಡುವುದು ಲೇಸು.

ಹಳ್ಳ ದಾಟುವುದು ನಮಗೆ ಹೊಸದಲ್ಲ. ಅಲ್ಲಿ ಬೇರೆ ಏನಿದೆ?

ನಮ್ಮ ಹಳ್ಳ ಮಳೆಯ ಮಾತು ಕೇಳುತ್ತದೆ. ಮೇಲೆ ಮಳೆ ಹೊಯ್ದರೆ ಏರುತ್ತದೆ, ನಿಂತರೆ ಇಳಿಯುತ್ತದೆ. ಆರಿದ್ರಾ ಮಳೆಯಲ್ಲಿ ಭೋರ್ಗರೆಯುವ ಚಾರ್ಮಾಡಿಯ ಜರಿಗಳು ಶಿವರಾತ್ರಿಯ ಹೊತ್ತಿಗೆ ಬಂಡೆಯ ಮೇಲಿನ ಕಪ್ಪು ಗುರುತಾಗಿರುತ್ತವೆ. ಏಪ್ರಿಲ್‌ನ ಹಿಮಾಲಯದ ತೊರೆ ಸೂರ್ಯನ ಮಾತು ಕೇಳುತ್ತದೆ. ಒಂದು ಹನಿ ಮಳೆ ಬೀಳದೆ, ನೀಲಿ ಆಕಾಶದ ಕೆಳಗೆ ಅದು ಏರುತ್ತದೆ. ಬೆಳಗಿನ ಜಾವ ಎಲ್ಲಕ್ಕಿಂತ ಕಡಿಮೆ ನೀರು. ಹಗಲು ಕರಗಿದ ಹಿಮವೆಲ್ಲ ಹರಿದು ಕೆಳಗೆ ತಲುಪುವಷ್ಟರಲ್ಲಿ ಮಧ್ಯಾಹ್ನ ಕಳೆದು ಸಂಜೆಯಾಗಿರುತ್ತದೆ, ಆಗ ಎಲ್ಲಕ್ಕಿಂತ ಹೆಚ್ಚು. ಬೆಳಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ತೊರೆಯಲ್ಲಿ ಸಂಜೆ ಆ ಕಲ್ಲುಗಳೇ ಕಾಣದಿರಬಹುದು. ಮಳೆ ಬಂದಿಲ್ಲವಲ್ಲ ಎಂಬ ನಮ್ಮ ಮಲೆನಾಡಿನ ತರ್ಕ ಇಲ್ಲಿ ಕೈಕೊಡುತ್ತದೆ.

ತಡವಾಗಿ ತೊರೆಯ ಬಳಿ ಬಂದು, ನೀರು ಮೊಣಕಾಲು ಮೀರಿ ರಭಸವಾಗಿದ್ದರೆ ದಾಟಬೇಡಿ. ಸಮೀಪದ ಸಮತಟ್ಟು ಜಾಗದಲ್ಲಿ ರಾತ್ರಿ ಕಳೆದು ಬೆಳಗ್ಗೆ ದಾಟಬಹುದು, ನೀರು ತಾನಾಗಿ ಇಳಿದಿರುತ್ತದೆ. ದಾಟಲೇಬೇಕಾದಾಗ ಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಚೀಲವನ್ನು ಕಳಚಿ ಬಿಡಲು ಆಗಬೇಕು. ಮುಖ ನೀರು ಬರುವ ದಿಕ್ಕಿಗಿರಲಿ, ಕೋಲು ಮುಂದಿರಲಿ, ಒಂದು ಹೆಜ್ಜೆ ಊರಿದ ಮೇಲೆ ಇನ್ನೊಂದು. ಬೂಟು ಬಿಚ್ಚಿ ಬರಿಗಾಲಲ್ಲಿ ಇಳಿಯುವುದು ನಮ್ಮಲ್ಲಿ ರೂಢಿ. ಅಲ್ಲಿನ ನೀರು ಸೊನ್ನೆ ಡಿಗ್ರಿಗೆ ತೀರ ಹತ್ತಿರ, ಒಂದು ನಿಮಿಷದೊಳಗೆ ಪಾದ ಮರಗಟ್ಟಿ ಕಲ್ಲಿನ ಅಂಚು ತಿಳಿಯದಾಗುತ್ತದೆ. ಹಗುರವಾದ ಚಪ್ಪಲಿಯೊಂದನ್ನು, ಹಿಂಬದಿ ಪಟ್ಟಿಯಿರುವಂಥದನ್ನು, ಇದಕ್ಕೆಂದೇ ಇಟ್ಟುಕೊಳ್ಳಿ.

ತೊರೆಯ ಮೇಲೆ ಹಿಮವೇ ಸೇತುವೆಯಂತೆ ನಿಂತಿರುತ್ತದೆ. ಅದರ ಮೇಲೆ ನಡೆಯಬಹುದೇ?

ಕೆಳಗೆ ನೀರು ಹರಿಯುತ್ತ ಹರಿಯುತ್ತ ಹಿಮವನ್ನು ಒಳಗಿನಿಂದ ತಿನ್ನುತ್ತಿರುತ್ತದೆ. ಮೇಲಿನಿಂದ ನೋಡಿದರೆ ದಪ್ಪ ತಿಳಿಯುವುದಿಲ್ಲ. ಮಾರ್ಚ್‌ನಲ್ಲಿ ಹೇಸರಗತ್ತೆ ನಡೆದುಹೋದ ಸೇತುವೆ ಮೇ ತಿಂಗಳಲ್ಲಿ ಮನುಷ್ಯನನ್ನೂ ತಾಳಲಾರದು. ಮೇಲ್ಮೈ ತಗ್ಗಾಗಿದ್ದರೆ, ಬಣ್ಣ ಬೂದಿಯಾಗಿ ನೀರು ಒಸರಿದಂತೆ ಕಂಡರೆ, ಅಡಿಯಿಂದ ನೀರಿನ ಸದ್ದು ಸ್ಪಷ್ಟವಾಗಿ ಕೇಳಿದರೆ ಅಲ್ಲಿ ಕಾಲಿಡಬೇಡಿ. ಸ್ಥಳೀಯ ಮಾರ್ಗದರ್ಶಿ ಮೊದಲು ಕೋಲಿನಿಂದ ಪರೀಕ್ಷಿಸಿ ದಾಟಲಿ. ಆಮೇಲೆ ಒಬ್ಬೊಬ್ಬರಾಗಿ ದಾಟಿ, ಗುಂಪಾಗಿ ನಿಂತು ಫೋಟೊ ತೆಗೆಸಿಕೊಳ್ಳುವ ಜಾಗ ಅದಲ್ಲ.

ನಡೆಯುತ್ತಿರುವಾಗ ಕಾಲು ತೊಡೆಯವರೆಗೆ ಹೂತುಹೋದರೆ?

ಗಾಬರಿಯಿಂದ ಎಳೆಯಬೇಡಿ, ಮಂಡಿ ತಿರುಚುವುದು ಹಾಗೆಯೇ. ಚೀಲ ಕಳಚಿ ಪಕ್ಕಕ್ಕಿಟ್ಟು, ಹಿಮದ ಮೇಲೆ ಮುಂದಕ್ಕೆ ಒರಗಿ, ಕಾಲಿನ ಸುತ್ತಲಿನ ಹಿಮವನ್ನು ಕೈಯಿಂದ ಬಿಡಿಸಿ ನಿಧಾನವಾಗಿ ಮೇಲೆತ್ತಿ.

ಎಲ್ಲಿ ಹೂಳುತ್ತದೆ ಎಂದು ಮುಂಚೆಯೇ ಊಹಿಸಲೂ ಸಾಧ್ಯ. ಬಂಡೆಗಳು, ಮರದ ಬೊಡ್ಡೆಗಳು ಬಿಸಿಲಿಗೆ ಬೇಗ ಕಾಯುತ್ತವೆ, ಅವುಗಳ ಸುತ್ತಲಿನ ಹಿಮ ಒಳಗೊಳಗೇ ಕರಗಿ ಟೊಳ್ಳಾಗಿರುತ್ತದೆ. ಹಿಮದಿಂದ ಇಣುಕುವ ಕಲ್ಲನ್ನು ಕಂಡರೆ ಆಧಾರ ಸಿಕ್ಕಿತೆಂದು ಅದರತ್ತ ಹೋಗಬೇಕೆನ್ನಿಸುತ್ತದೆ. ಒಂದೆರಡು ಮೀಟರ್ ದೂರದಿಂದ ಬಳಸಿ ಹೋಗಿ. ಏರುವಾಗ ಮುಂದಿನವರ ಹೆಜ್ಜೆಗುರುತಿನಲ್ಲೇ ಹೆಜ್ಜೆಯಿಡಿ. ಇಳಿಯುವಾಗ ಹಿಮ್ಮಡಿಯನ್ನು ಬಲವಾಗಿ ಊರಿ. ಹಿಂದಕ್ಕೆ ವಾಲಿದಷ್ಟೂ ಜಾರುತ್ತೀರಿ. ನಮ್ಮ ಗುಡ್ಡದ ಜಾರಿನಲ್ಲಿ ಕುಕ್ಕರಗಾಲಲ್ಲಿ ಇಳಿಯುವ ಅಭ್ಯಾಸವನ್ನು ಅಲ್ಲಿ ಮರೆಯಬೇಕು.

ಕೂತು ಜಾರಿಕೊಂಡು ಇಳಿಯುವ ವಿಡಿಯೋಗಳನ್ನು ನೋಡಿದ್ದೇವೆ. ಮಜವಾಗಿರುತ್ತದಲ್ಲವೇ?

ಇಳಿಜಾರು ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿಗೆ ಕಾಣುತ್ತಿದ್ದು, ಕೊನೆಗೆ ಬಂಡೆಯಾಗಲಿ ಮರವಾಗಲಿ ಕೊರಕಲಾಗಲಿ ಇಲ್ಲದೆ ಸಮತಟ್ಟು ಹಿಮವಿದ್ದರೆ ಜಾರಬಹುದು. ಸ್ಪೈಕ್ ಬಿಚ್ಚಿದ ಮೇಲೆಯೇ. ಜಾರುವಾಗ ಸ್ಪೈಕ್ ಹಿಮಕ್ಕೆ ಕಚ್ಚಿದರೆ ಕಣಕಾಲು ಮುರಿಯುತ್ತದೆ.

ತೋಟದ ಗಂಬೂಟ್ ಇದೆ. ನೀರು ಒಳಗೆ ಬರುವುದಿಲ್ಲ. ಅದನ್ನೇ ಹಾಕಿಕೊಳ್ಳಬಹುದೇ?

ಈ ಪ್ರಶ್ನೆ ಬೇರೆ ಜಿಲ್ಲೆಯವರಿಂದ ಬರುವುದಿಲ್ಲ! ಬೇಡ. ಗಂಬೂಟಿನ ಅಟ್ಟೆ ಕೆಸರಿಗಾಗಿ ಮಾಡಿದ್ದು, ಹೆಪ್ಪುಗಟ್ಟಿದ ಹಿಮದ ಮೇಲೆ ಅದಕ್ಕೆ ಹಿಡಿತವಿಲ್ಲ. ರಬ್ಬರ್ ಚಳಿಯನ್ನು ತಡೆಯುವುದಿಲ್ಲ, ಕಣಕಾಲನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಕಾಲು ಹೂತಾಗ ಮೇಲಿನ ಅಗಲ ಬಾಯಿಯಿಂದ ಹಿಮ ಒಳಗೆ ಬಿದ್ದು ಕರಗಿದರೆ, ನೀರು ಒಳಗೆ ಬಾರದ ಬೂಟಿನಿಂದ ಅದು ಹೊರಗೂ ಹೋಗುವುದಿಲ್ಲ.

ಕಣಕಾಲು ಮುಚ್ಚುವ, ನೀರು ತಡೆಯುವ ಚಾರಣದ ಬೂಟು ಬೇಕು. ಹೊಸತಾದರೆ ಹೊರಡುವ ಮುನ್ನ ಕೆಲವು ವಾರ ಇಲ್ಲೇ ತೋಟದಲ್ಲಿ ಹಾಕಿಕೊಂಡು ಓಡಾಡಿ ಪಳಗಿಸಿ. ಬೂಟಿನ ಮೇಲಿಂದ ಮೊಣಕಾಲಿನ ವರೆಗೆ ಕಟ್ಟಿಕೊಳ್ಳುವ ಗೇಟರ್, ಅಡಿಗೆ ಕಟ್ಟುವ ಮೈಕ್ರೋಸ್ಪೈಕ್ ಎರಡೂ ಸಾಂಕ್ರಿಯಂಥ ಊರುಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಪಡೆಯುವಾಗ ಸರಪಳಿ ಕೊಂಡಿ ಬಿಟ್ಟಿದೆಯೇ, ರಬ್ಬರ್ ಸೀಳಿದೆಯೇ ನೋಡಿ. ಸ್ಪೈಕ್ ಬೆಳಗಿನ ಗಟ್ಟಿ ಹಿಮಕ್ಕೆ, ಗಡ್ಡೆಗೆ. ಮಧ್ಯಾಹ್ನದ ಒದ್ದೆ ಹಿಮ ಹಲ್ಲುಗಳ ನಡುವೆ ಅಂಟಿ ಉಂಡೆಯಾಗುತ್ತದೆ, ಆಗ ಸ್ಪೈಕ್ ಇದ್ದೂ ಇಲ್ಲದಂತೆ. ಕೋಲಿನಿಂದ ತಟ್ಟಿ ಬೀಳಿಸುತ್ತಿರಬೇಕು, ಇಲ್ಲವೇ ಬಿಚ್ಚಬೇಕು. ತುಂಗನಾಥದ ಕಲ್ಲುಹಾಸಿನ ಮೇಲೆ ರಾತ್ರಿ ಹರಿದ ನೀರು ಬೆಳಗ್ಗೆ ತೆಳುವಾದ ಗಡ್ಡೆಯಾಗಿ ಕಾಣದಂತೆ ಕುಳಿತಿರುತ್ತದೆ. ನನ್ನನ್ನು ಕೇಳಿದರೆ ಮೊಣಕಾಲುದ್ದದ ಹಿಮಕ್ಕಿಂತ ಅದಕ್ಕೇ ಹೆಚ್ಚು ಹೆದರಬೇಕು.

ಜೀನ್ಸ್, ಸ್ವೆಟರ್, ಒಂದು ದಪ್ಪ ಜಾಕೆಟ್ ಸಾಕೇ?

ಜೀನ್ಸ್ ಬೇಡವೇ ಬೇಡ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಮೈಯ ಶಾಖವನ್ನು ಹೀರುತ್ತಲೇ ಇರುತ್ತದೆ. ಕರಗುವ ಕಾಲದಲ್ಲಿ ಜನ ಒದ್ದೆಯಾಗುವುದು ಹೆಚ್ಚು, ಕಡುಚಳಿಗಾಲದಲ್ಲಲ್ಲ. ಆಗಿನ ಒಣ ಹಿಮವನ್ನು ಕೊಡವಿದರೆ ಉದುರುತ್ತದೆ, ಈಗಿನದು ಬಟ್ಟೆಗೆ ಅಂಟಿ ನೀರಾಗುತ್ತದೆ. ಹತ್ತುವಾಗ ಬೆವರು, ನಿಂತಾಗ ಗಾಳಿ, ಕಾಲಡಿ ನೀರು. ಸೊನ್ನೆಗಿಂತ ಮೇಲಿನ ಉಷ್ಣಾಂಶದಲ್ಲೂ ಮೈ ತಣ್ಣಗಾಗಿ ಮಾತು ತೊದಲುವ ಸ್ಥಿತಿ ಬರುತ್ತದೆ.

ಬೇಗ ಒಣಗುವ ಒಳ ಅಂಗಿ, ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕಿಂತ ಮೇಲೆ ಗಾಳಿ ಮಳೆ ತಡೆಯುವ ತೆಳು ಜಾಕೆಟ್. ಒಂದೇ ದಪ್ಪದ್ದಕ್ಕಿಂತ ಮೂರು ತೆಳುವಾದವು ಮೇಲು. ಕಾಲುಚೀಲ, ಕೈಗವಸು ಎರಡು ಜೊತೆ ಹೆಚ್ಚಿಗೆ ಇರಲಿ. ಹಾಕಿಕೊಳ್ಳುವ ಒಂದು ಒಣ ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಮಲಗುವ ಹೊತ್ತಿನ ತನಕ ತೆಗೆಯಬೇಡಿ.

ಕಪ್ಪು ಕನ್ನಡಕ ಶೋಕಿಗಲ್ಲವೇ?

ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರಷ್ಟನ್ನು ಹಿಂದಕ್ಕೆ ಎಸೆಯಬಲ್ಲದು. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಆ ಕಿರಣಗಳ ತೀವ್ರತೆಯೇ ಶೇಕಡಾ ಹತ್ತರಷ್ಟು ಹೆಚ್ಚುತ್ತದೆ. ಕಣ್ಣು ಸುಟ್ಟದ್ದು ಆಗಲೇ ಗೊತ್ತಾಗುವುದಿಲ್ಲ. ಹಲವು ಗಂಟೆಗಳ ಮೇಲೆ, ರಾತ್ರಿ ಡೇರೆಯಲ್ಲಿ, ಮರಳು ಹೊಕ್ಕಂತೆ ಉರಿ, ನೀರು, ಕಣ್ಣು ತೆರೆಯಲಾಗದ ನೋವು. ತೆಳು ಮೋಡವಿದ್ದರೂ ಕನ್ನಡಕ ತೆಗೆಯಬೇಡಿ. ಮೂಗಿನ ಕೆಳಗೆ, ಗಲ್ಲದ ಅಡಿಗೆ, ಕಿವಿಗೆ ಕೂಡ ಬಿಸಿಲಿನ ಮುಲಾಮು ಹಚ್ಚಿ. ಬೆಳಕು ಕೆಳಗಿನಿಂದಲೂ ಬರುತ್ತದೆ.

ಇಷ್ಟು ಚಿಕ್ಕ ಬೆಟ್ಟಗಳಲ್ಲಿ ಹಿಮಕುಸಿತ ಆಗುತ್ತದೆಯೇ?

ಬೆಟ್ಟ ಎಷ್ಟು ದೊಡ್ಡದು ಎಂಬುದು ಇಲ್ಲಿ ಮುಖ್ಯವಲ್ಲ, ಇಳಿಜಾರು ಎಷ್ಟು ಕಡಿದು ಎಂಬುದು ಮುಖ್ಯ. ಸುಮಾರು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಅಪಾಯ ಹೆಚ್ಚು. ಕರಗುವ ಕಾಲದಲ್ಲಿ ಒದ್ದೆ ಹಿಮ ತನ್ನ ಭಾರಕ್ಕೇ ಜಾರುತ್ತದೆ, ಅದೂ ಬಿಸಿಲು ನೆತ್ತಿಗೇರಿದ ಮೇಲೆ. ಮೇಲಿನಿಂದ ಹಿಮದ ಉಂಡೆಗಳು ತಾವಾಗಿ ಉರುಳಿ ಬರುತ್ತಿದ್ದರೆ ಅದೇ ಮುನ್ಸೂಚನೆ. ಹೊಸ ಹಿಮ ಬಿದ್ದ ಮರುದಿನದ ಬಿಸಿಲೂ ಹಾಗೆಯೇ. ಧರೆ ಕುಸಿತ ಕಂಡಿರುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಡಿದಾದ ಇಳಿಜಾರಿನ ಬುಡದಲ್ಲಿ ಬುತ್ತಿ ಬಿಚ್ಚಬೇಡಿ.

ತಲೆನೋವು ಬಂದರೆ ಮಾತ್ರೆ ನುಂಗಿ ಮುಂದೆ ಹೋಗಬಹುದೇ?

ಸುಮಾರು 2,500 ಮೀಟರ್ ದಾಟಿದ ಮೇಲೆ ಬರುವ ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು, ನಿದ್ದೆ ಬಾರದಿರುವುದು ಇವೆಲ್ಲ ಎತ್ತರದ ಕಾಯಿಲೆಯ ಲಕ್ಷಣವೆಂದೇ ತಿಳಿಯಿರಿ. ಲಕ್ಷಣಗಳಿರುವಾಗ ಇನ್ನೂ ಮೇಲಕ್ಕೆ ಹೋಗಬಾರದು. ಹೆಚ್ಚಾದರೆ, ನಡಿಗೆ ತಡವರಿಸಿದರೆ, ಕುಳಿತಾಗಲೂ ಉಸಿರು ಸಿಗದಿದ್ದರೆ ರಾತ್ರಿಯಾದರೂ ಕೆಳಗಿಳಿಸಬೇಕು. ಇಳಿಸುವುದೇ ಅದಕ್ಕೆ ಮೊದಲ ಮದ್ದು. ಮುಂಜಾಗ್ರತೆಗೆ ತೆಗೆದುಕೊಳ್ಳುವ ಮಾತ್ರೆಗಳ ವಿಷಯವನ್ನು ಹೊರಡುವ ಮುನ್ನ ನಿಮ್ಮ ವೈದ್ಯರಲ್ಲಿ ಕೇಳಿ, ಬಿ.ಪಿ., ಸಕ್ಕರೆ ಕಾಯಿಲೆ ಇರುವವರಂತೂ ತಪ್ಪದೆ. ಮಂಗಳವಾರ ಕಡೂರಿನಲ್ಲಿ ರೈಲು ಹತ್ತಿ ಶುಕ್ರವಾರ ಶಿಖರದಲ್ಲಿರುವ ಯೋಜನೆ ಹಾಕುವವರಿದ್ದಾರೆ. ರಜೆ ಕಡಿಮೆಯಿರಬಹುದು, ದೇಹ ಅದನ್ನು ಕೇಳುವುದಿಲ್ಲ.

ದಾರಿಯ ಈಗಿನ ಸ್ಥಿತಿ ಹೇಗಿದೆ ಎಂದು ಯಾರನ್ನು ಕೇಳಬೇಕು?

ಆ ಊರಿನಲ್ಲಿ ಆ ವಾರ ಇದ್ದವರನ್ನು. ಕಳೆದ ವರ್ಷ ಇದೇ ತಾರೀಖಿಗೆ ಹೋಗಿದ್ದವರ ಮಾತು ಅಂದಾಜಿಗೆ ಮಾತ್ರ. ಚಳಿಗಾಲದಲ್ಲಿ ಹಿಮ ಎಷ್ಟು ಬಿತ್ತು ಎಂಬುದು ವರ್ಷ ವರ್ಷಕ್ಕೆ ಬದಲಾಗುತ್ತದೆ. ತಂಗುಮನೆಯವರಿಗೆ ಫೋನ್ ಮಾಡಿ ಹಿಮ ಇದೆಯೇ ಎಂದು ಕೇಳಿದರೆ ಇದೆ ಎಂದೇ ಹೇಳುತ್ತಾರೆ, ನೀವು ಬರಲಿ ಎಂಬ ಆಸೆ ಅವರಿಗಿರುವುದು ಸಹಜ. ಹೀಗೆ ಕೇಳಿ: ಹಿಮ ಎಲ್ಲಿಂದ ಶುರುವಾಗುತ್ತದೆ? ನಿನ್ನೆ ಹೋದವರು ಎಷ್ಟು ಗಂಟೆಗೆ ಮೇಲೆ ತಲುಪಿದರು? ಯಾವ ತೊರೆಯಲ್ಲಿ ಬೂಟು ಬಿಚ್ಚಬೇಕಾಯಿತು? ರಾತ್ರಿ ಗಡ್ಡೆಕಟ್ಟುತ್ತಿದೆಯೇ? ಇಂಥ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ.

ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹಿಂದಿನ ರಾತ್ರಿ ನೋಡಿ. ನಮ್ಮಲ್ಲಿಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳೇ ಅಲ್ಲೂ ಇವೆ. ಫೆಬ್ರುವರಿ ಮಧ್ಯದಿಂದ ಜೂನ್ ಮಧ್ಯದ ವರೆಗೆ ಉತ್ತರಾಖಂಡದಲ್ಲಿ ಕಾಳ್ಗಿಚ್ಚಿನ ಕಾಲವೂ ಹೌದು. ಮೇಲೆ ಹಿಮವಿರುವಾಗಲೇ ಕೆಳಗಿನ ಪೈನ್ ಕಾಡು ಹೊಗೆಯಾಡುತ್ತಿರಬಹುದು. ಅರಣ್ಯ ಇಲಾಖೆ ದಾರಿ ಮುಚ್ಚಿದ್ದರೆ ವಾದ ಬೇಡ.

ಮೇ ಅಥವಾ ಜೂನ್‌ಗೆ ಹೋದರೆ ಹಿಮದ ಅಪಾಯ ಇರುವುದಿಲ್ಲವಲ್ಲ?

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ ಕರ್ನಾಟಕದಿಂದ ಹೋಗಿದ್ದ ಚಾರಣ ತಂಡ ಹಿಮಗಾಳಿಗೆ ಸಿಕ್ಕಿತು. ಆ ತಂಡದ 9 ಮಂದಿ ತೀರಿಕೊಂಡರು. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರ್ ಬಳಸಿ ಕೆಳಗೆ ತಂದರು. ಅದು ನಾಲ್ಕು ಸಾವಿರ ಮೀಟರ್ ಮೀರಿದ ಎತ್ತರದ ದಾರಿ, ಇಲ್ಲಿ ಹೇಳುತ್ತಿರುವ ಚಿಕ್ಕ ಬೆಟ್ಟಗಳಿಗಿಂತ ಕಠಿಣ. ಆದರೂ ತಿಂಗಳನ್ನು ನಂಬಿ ಕೂರಬಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮಧ್ಯಾಹ್ನ ಹನ್ನೆರಡಾದರೆ ಎಲ್ಲಿದ್ದರೂ ಹಿಂತಿರುಗುವುದು ಎಂಬಂಥ ಒಂದು ಗಡುವನ್ನು ಹೊರಡುವ ಮುನ್ನವೇ, ತಂಡದ ಎಲ್ಲರೂ ಒಪ್ಪಿ, ಗಟ್ಟಿಯಾಗಿ ಹೇಳಿಟ್ಟುಕೊಳ್ಳಿ. ಶಿಖರ ಕಣ್ಣಿಗೆ ಕಾಣುತ್ತಿರುವಾಗ ಕೂತು ತೀರ್ಮಾನಿಸಲು ಆಗುವುದಿಲ್ಲ. ತುರ್ತು ಸಂಖ್ಯೆ 112, ಆದರೆ ಸಿಗ್ನಲ್ ಸಿಗುವ ಜಾಗ ಯಾವುದೆಂದು ಮೊದಲೇ ವಿಚಾರಿಸಿರಬೇಕು. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಬರಿದಾಗುತ್ತದೆ, ಅದನ್ನು ಒಳಜೇಬಿನಲ್ಲಿಡಿ.

ಇಲ್ಲೇ ತಯಾರಿ ಮಾಡಿಕೊಳ್ಳುವುದು ಹೇಗೆ?

ಎರಡು ತಿಂಗಳು ಮುಂಚೆ ಶುರು ಮಾಡಿ. ಹಾಸನದ ಕಡೆಯವರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿ ಇದೆ, ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಬಿಸಿಲೇರುವ ಮೊದಲು ಹೋಗಿ, ಬಂಡೆ ಕಾದರೆ ಬರಿಗಾಲಿಗೆ ಕಷ್ಟ. ಚಿಕ್ಕಮಗಳೂರಿನವರು ಸರ್ಪದಾರಿಯಿಂದ ಮುಳ್ಳಯ್ಯನಗಿರಿಗೆ ಬೆನ್ನಿಗೆ ಎಂಟು ಹತ್ತು ಕಿಲೋ ಹೇರಿಕೊಂಡು ಹತ್ತಬಹುದು. ಎಲ್ಲರೂ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ. ಹಿಮದಲ್ಲಿ ಮಂಡಿ ಸೋಲುವುದು ಇಳಿಯುವಾಗ. ಆದ್ದರಿಂದ ಇಳಿಜಾರಿನ ತೋಟವಿದ್ದವರು ಚೀಲ ಹೊತ್ತು ನಿಧಾನವಾಗಿ ಇಳಿಯುವುದನ್ನು ರೂಢಿಸಿಕೊಳ್ಳಲಿ, ಕಾಸು ಖರ್ಚಿಲ್ಲದ ತರಬೇತಿ.

ಇಲ್ಲಿಯೂ ಆ ತಿಂಗಳುಗಳಿಗೆ ತಮ್ಮದೇ ತೊಡಕುಗಳಿವೆ. ಕುದುರೆಮುಖ, ನೇತ್ರಾವತಿ, ಕುರಿಂಜಲ್ ದಾರಿಗಳಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು, ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಬೆಂಕಿ ಬೀಳುವ ಭಯದಿಂದ ಅವುಗಳನ್ನು ಮುಚ್ಚುವುದುಂಟು. ಮುಳ್ಳಯ್ಯನಗಿರಿಗೆ ವಾಹನದಲ್ಲಿ ಹೋಗುವವರು ಮುಂಗಡ ನೋಂದಣಿಯ ನಿಯಮವನ್ನು ವಿಚಾರಿಸಿಕೊಳ್ಳಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಶುರುವಾದ ಮೇಲೆ ಮಧ್ಯಾಹ್ನದ ಸಿಡಿಲು ಬೋಳು ಏಣಿನ ಮೇಲೆ ನಿಂತವರನ್ನೇ ಹುಡುಕುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಮೊಬೈಲಿನಲ್ಲಿರಲಿ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ನೆತ್ತಿ ಬಿಟ್ಟು ಇಳಿಯಿರಿ. ಬೆಳಗ್ಗೆ ಬೇಗ ಹತ್ತಿ ಮಧ್ಯಾಹ್ನದೊಳಗೆ ಇಳಿಯುವ ಅಭ್ಯಾಸ ಇಲ್ಲೇ ಆದರೆ ಅಲ್ಲಿ ಮೂರು ಗಂಟೆಗೆ ಏಳುವುದು ಅಷ್ಟು ದುಸ್ತರವಾಗದು.

ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಕರೆದೊಯ್ಯಬಹುದೇ?

ತುಂಗನಾಥದ ದಾರಿ ತೆರವಾದ ಮೇಲೆ, ಮೇ ತಿಂಗಳಲ್ಲಿ, ಕರೆದೊಯ್ಯಿರಿ. ನಡೆಯಲಾಗದವರಿಗೆ ಕುದುರೆ, ಹೇಸರಗತ್ತೆ ಸಿಗುತ್ತವೆ. ಹಿಮ ಕವಿದ ದಾರಿಯಲ್ಲಿ ಹಿರಿಯರನ್ನು ಹತ್ತಿಸಬೇಡಿ. ದೀಪಾವಳಿಯಲ್ಲಿ ದೇವಿರಮ್ಮನ ಬೆಟ್ಟ ಹತ್ತುವ ಹಿರಿಯರ ಹುಮ್ಮಸ್ಸು ನಿಜವೇ, ಆದರೆ ಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಹತ್ತಿರದ ದೊಡ್ಡ ಆಸ್ಪತ್ರೆ ಹಲವು ಗಂಟೆಗಳ ದಾರಿ. ಮಕ್ಕಳು ಸುಸ್ತು, ಚಳಿ, ತಲೆನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಟ ನಿಲ್ಲಿಸಿ ಮಂಕಾದರೆ ಅಲ್ಲಿಗೇ ಹಿಂತಿರುಗಿ.

ಅಲ್ಲಿ ಉಂಬಳ (ಜಿಗಣೆ) ಇರುತ್ತವೆಯೇ?

ಹಿಮದ ಕಾಲದಲ್ಲಿ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಕೆಳಗಿನ ಕಾಡುಗಳಲ್ಲಿ ಧಾರಾಳವಾಗಿವೆ. ಹೊಗೆಸೊಪ್ಪು ಸುಣ್ಣದ ಪೊಟ್ಟಣವನ್ನು ಈ ಸಲ ಮನೆಯಲ್ಲೇ ಬಿಟ್ಟು ಹೋಗಿ.

ಕರಗಿದ ಹಿಮದ ನೀರು ಶುದ್ಧವಲ್ಲವೇ? ಹಾಗೇ ಕುಡಿಯಬಹುದೇ?

ಕುದಿಸಿ ಅಥವಾ ಸೋಸಿ ಕುಡಿಯಿರಿ. ಚಳಿಗಾಲವಿಡೀ ಹಿಮದಡಿ ಹೂತಿದ್ದ ಹೇಸರಗತ್ತೆಯ ಲದ್ದಿ, ಚಾರಣಿಗರು ಬಿಟ್ಟುಹೋದ ಕಸ ಎಲ್ಲವೂ ಕರಗುವ ಕಾಲದಲ್ಲಿ ಒಟ್ಟಿಗೆ ಹೊರಬಂದು ಅದೇ ತೊರೆಗೆ ಸೇರುತ್ತವೆ. ಹಿಮವನ್ನೇ ತಿಂದು ಬಾಯಾರಿಕೆ ನೀಗಿಸಿಕೊಳ್ಳುವುದೂ ಸಲ್ಲದು, ಅದನ್ನು ಕರಗಿಸಲು ಮೈ ತನ್ನ ಶಾಖವನ್ನೇ ಕೊಡಬೇಕಾಗುತ್ತದೆ. ಬಿಸಿನೀರಿನ ಫ್ಲಾಸ್ಕ್ ಒಯ್ಯಿರಿ. ಚಕ್ಕುಲಿ, ಕೋಡುಬಳೆ, ಕೊಬ್ಬರಿ ಮಿಠಾಯಿ ಚಳಿಗೂ ಎತ್ತರಕ್ಕೂ ಕೆಡದೆ ಉಳಿಯುತ್ತವೆ, ಹಸಿವಿಲ್ಲದಾಗಲೂ ಒಂದೊಂದೇ ಬಾಯಿಗೆ ಹೋಗುತ್ತವೆ.

ಅಷ್ಟು ದೂರ ಹೋಗಿ ಹಿಮವೇ ಸಿಗದಿದ್ದರೆ?

ಆಗುವುದುಂಟು. ಚಳಿಗಾಲದಲ್ಲಿ ಕಡಿಮೆ ಬಿದ್ದು, ಮಾರ್ಚ್ ಬಿಸಿಯಾಗಿದ್ದರೆ ಏಪ್ರಿಲ್‌ನ ದಾರಿ ಬರೀ ಕೆಸರು, ಕಂದು ಹುಲ್ಲು. ಹಾಗಿದ್ದರೂ ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿನ ಕಾಡುಗಳಲ್ಲಿ ಬುರಾಂಶ್ ಮರಗಳು ಕೆಂಪಗೆ ಹೂ ಬಿಟ್ಟಿರುತ್ತವೆ, ಅದರ ಹೂವಿನ ಶರಬತ್ತು ಅಂಗಡಿಗಳಲ್ಲಿ ಸಿಗುತ್ತದೆ. ಕೆಸರಾದ ದಾರಿಯಲ್ಲಿ ಒಂದು ಮಾತು ಪಾಲಿಸಿ. ಕೆಸರನ್ನು ತಪ್ಪಿಸಲು ಬದಿಯ ಹುಲ್ಲಿನ ಮೇಲೆ ನಡೆಯಬೇಡಿ. ಆಗಷ್ಟೇ ಹಿಮದಿಂದ ಬಿಡಿಸಿಕೊಂಡ ಹುಲ್ಲಿನ ಬೇರು ಸಡಿಲವಾಗಿರುತ್ತದೆ, ಒಂದು ಋತುವಿನಲ್ಲಿ ಕಾಲುದಾರಿ ಜೀಪಿನ ದಾರಿಯಷ್ಟು ಅಗಲವಾಗಿಬಿಡುತ್ತದೆ. ಕೆಸರಿನ ನಡುವೆಯೇ ನಡೆಯಿರಿ, ಬೂಟು ತೊಳೆದರೆ ಹೋಗುತ್ತದೆ. ಒಣಗಿಸುವಾಗ ಒಲೆಯ ಹತ್ತಿರ ಇಡಬೇಡಿ, ಅಟ್ಟೆಯ ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿಡಿ.